ಬೆಂಗಳೂರಿನಲ್ಲಿ ನಡೆದ ಒಂದು ಶಾಂತಿ ಮಾತುಕತೆ

ದೊಡ್ಡನೆಕ್ಕುಂದಿಯಲ್ಲಾಗಲಿ, ಮಾರತ್ತಹಳ್ಳಿ, ವಿಮಾನಪುರಗಳಲ್ಲಾಗಲಿ ವಾಸವಾಗಿರುವ ಕುಟುಂಬಗಳಿಗೆ ವಿಮಾನದ ಸದ್ದು ಹೊಸದೇನಲ್ಲ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ತೆರೆಯುವವರೆಗೆ ಬೆಂಗಳೂರಿನ ಪ್ರಯಾಣಿಕರ ವಿಮಾನಗಳೆಲ್ಲ ಏರಿ ಇಳಿಯುತ್ತಿದ್ದುದು ಇಲ್ಲಿನ ಎಚ್.ಎ.ಎಲ್. ಓಡುದಾರಿಯಲ್ಲೇ. ಆ ಓಡುದಾರಿಯ ಈಶಾನ್ಯಕ್ಕಿರುವ ದೊಡ್ಡನೆಕ್ಕುಂದಿ 1986ರಲ್ಲಿ ಇನ್ನೂ ಕೆರೆ, ಹೊಲಗಳ ಹಳ್ಳಿ. ಹೊರವರ್ತುಲ ರಸ್ತೆ ಇರಲಿಲ್ಲ, ಮೇಲ್ಸೇತುವೆಯಂತೂ ಯಾರ ಕನಸಿನಲ್ಲೂ ಇರಲಿಲ್ಲ. ಅಂಥ ಬೆಂಗಳೂರಿಗೆ ಆ ವರ್ಷದ ನವೆಂಬರ್ ತಿಂಗಳಲ್ಲಿ ದಕ್ಷಿಣ ಏಷ್ಯಾದ ಏಳು ರಾಷ್ಟ್ರಗಳ ನಾಯಕರು ಬಂದರು. ನಮ್ಮ ಯುವಜನರಲ್ಲಿ ಅನೇಕರು ಈ ಸಂಗತಿಯನ್ನು ಕೇಳಿಯೇ ಇಲ್ಲ. ಹಿರಿಯರಲ್ಲಿ ಕೆಲವರಿಗೆ ಸುಣ್ಣ ಬಳಿದುಕೊಂಡ ಬೀದಿಗಳೂ ಪೊಲೀಸ್ ಕಾವಲೂ ನೆನಪಿರಬಹುದು. ಆ ದಿನಗಳಲ್ಲಿ ಇಲ್ಲಿ ನಡೆದ ಒಂದು ಮಾತುಕತೆಯನ್ನೂ ಅದರ ಹಿಂದುಮುಂದನ್ನೂ ನಿಮ್ಮೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಸಾರ್ಕ್ ಎಂದು ನಾವು ಕರೆಯುವ ದಕ್ಷಿಣ ಏಷ್ಯಾ ಪ್ರಾದೇಶಿಕ ಸಹಕಾರ ಸಂಘಟನೆ ಢಾಕಾ ನಗರದಲ್ಲಿ 1985ರ ಡಿಸೆಂಬರ್ 8ರಂದು ಹುಟ್ಟಿತು. ಅದರ ಎರಡನೆಯ ಶೃಂಗಸಭೆ 1986ರ ನವೆಂಬರ್ 16 ಮತ್ತು 17ರಂದು ನಮ್ಮ ವಿಧಾನಸೌಧದಲ್ಲಿ ಸೇರಿತು. ಆತಿಥೇಯರು ಪ್ರಧಾನಿ ರಾಜೀವ್ ಗಾಂಧಿ. ನೇಪಾಳದ ದೊರೆ ಬೀರೇಂದ್ರ, ಭೂತಾನದ ದೊರೆ ಜಿಗ್ಮೆ ಸಿಂಗ್ಯೆ ವಾಂಗ್ಚುಕ್, ಬಾಂಗ್ಲಾದೇಶದ ಅಧ್ಯಕ್ಷ ಎರ್ಷಾದ್, ಮಾಲ್ಡೀವ್ಸಿನ ಅಧ್ಯಕ್ಷ ಗಯೂಮ್, ಪಾಕಿಸ್ತಾನದ ಪ್ರಧಾನಿ ಜುನೇಜೊ, ಶ್ರೀಲಂಕೆಯ ಅಧ್ಯಕ್ಷ ಜೆ. ಆರ್. ಜಯವರ್ಧನೆ ಬಂದಿದ್ದರು. ಸಾರ್ಕ್ ಸಂಸ್ಥೆಗೆ ಕಠ್ಮಂಡುವಿನಲ್ಲಿ ಒಂದು ಕಾಯಂ ಕಾರ್ಯಾಲಯ ಬೇಕೆಂಬ ಒಪ್ಪಂದಕ್ಕೆ ಸಹಿ ಬಿದ್ದದ್ದು ಇಲ್ಲಿಯೇ. ಸಭೆಯ ಸಾಧನೆಯೆಂದು ಪಟ್ಟಿಯಲ್ಲಿ ಬರುವುದು ಹೆಚ್ಚಾಗಿ ಇದು.

ಆದರೆ ಸಾರ್ಕ್ ಸನ್ನದಿನಲ್ಲಿ ಒಂದು ವಿಚಿತ್ರವಾದ ನಿಯಮವಿದೆ. ಇಬ್ಬರು ನೆರೆಯವರ ನಡುವಿನ ವ್ಯಾಜ್ಯವನ್ನು ಸಭೆಯಲ್ಲಿ ಎತ್ತುವಂತಿಲ್ಲ. ಒಂದೇ ಕುಟುಂಬದವರು ಊಟಕ್ಕೆ ಕುಳಿತು, ಆಸ್ತಿಯ ಜಗಳವೊಂದನ್ನು ಬಿಟ್ಟು ಬೇರೆಲ್ಲ ಮಾತನಾಡೋಣ ಎಂದ ಹಾಗೆ. ಈ ನಿಯಮವಿಲ್ಲದಿದ್ದರೆ ಆ ಏಳು ಮಂದಿ ಒಂದೆಡೆ ಸೇರುತ್ತಲೇ ಇರಲಿಲ್ಲವೆಂಬುದೂ ನಿಜ. ಹೀಗಾಗಿ ಪ್ರದೇಶದ ಶಾಂತಿಯ ನಿಜವಾದ ಪ್ರಶ್ನೆ ಸಭಾಂಗಣದಲ್ಲಿ ಅಲ್ಲ, ಪಕ್ಕದ ಕೋಣೆಗಳಲ್ಲಿ ಚರ್ಚೆಗೆ ಬಂತು. ಆ ಪ್ರಶ್ನೆ ಶ್ರೀಲಂಕೆಯ ತಮಿಳರದು.

ಅದನ್ನು ಅರ್ಥಮಾಡಿಕೊಳ್ಳಲು ನಾವು ಇನ್ನೂ ಹಿಂದಕ್ಕೆ ಹೋಗಬೇಕು. ಬ್ರಿಟಿಷರ ಕಾಲದಲ್ಲಿ ದಕ್ಷಿಣ ಭಾರತದಿಂದ ಸಿಲೋನಿನ ಕಾಫಿ, ಚಹಾ ತೋಟಗಳಿಗೆ ಹೋದ ಕೂಲಿಕಾರರ ಮಕ್ಕಳು ಮೊಮ್ಮಕ್ಕಳು, 1948ರಲ್ಲಿ ಆ ದ್ವೀಪ ಸ್ವತಂತ್ರವಾದಾಗ, ಅಲ್ಲಿಯ ಹೊಸ ಪೌರತ್ವ ಕಾನೂನಿನಿಂದಾಗಿ ಯಾವ ದೇಶಕ್ಕೂ ಸೇರದವರಾದರು. 1964ರ ಅಕ್ಟೋಬರ್ 30ರಂದು ದೆಹಲಿಯಲ್ಲಿ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಪ್ರಧಾನಿ ಸಿರಿಮಾವೊ ಬಂಡಾರನಾಯಕೆ ಕುಳಿತು ಈ ಜನರನ್ನು ಲೆಕ್ಕ ಹಾಕಿದರು. ಒಟ್ಟು 9,75,000 ಮಂದಿ. ಅವರಲ್ಲಿ 5,25,000 ಮಂದಿ ಭಾರತಕ್ಕೆ, 3,00,000 ಮಂದಿ ಸಿಲೋನಿಗೆ. ಉಳಿದ 1,50,000 ಮಂದಿಯ ತೀರ್ಮಾನ ಮುಂದಕ್ಕೆ. ಹತ್ತು ವರ್ಷಗಳ ಮೇಲೆ, 1974ರಲ್ಲಿ, ಇಂದಿರಾ ಗಾಂಧಿ ಮತ್ತು ಅದೇ ಸಿರಿಮಾವೊ ಆ ಉಳಿದವರನ್ನು 75,000ದಂತೆ ಸಮಪಾಲು ಮಾಡಿಕೊಂಡರು. ಇಬ್ಬರು ನಾಯಕರೂ ಒಳ್ಳೆಯ ಮನಸ್ಸಿನಿಂದಲೇ ಇದನ್ನು ಮಾಡಿದರೆಂದು ನಾನು ನಂಬುತ್ತೇನೆ. ಶಾಸ್ತ್ರಿಯವರಂಥ ಸರಳ ಸಜ್ಜನರನ್ನು ಸಂಶಯಿಸುವ ಕಾರಣವಿಲ್ಲ. ಆದರೆ ಮೇಜಿನ ಮೇಲೆ ಹಂಚಿಹೋದವರನ್ನು ಯಾರೂ ಕೇಳಲಿಲ್ಲ. ತೋಟದ ಕಾರ್ಮಿಕರ ನಾಯಕ ತೊಂಡಮಾನ್ ಅದನ್ನು ಆಗಲೇ ಆಕ್ಷೇಪಿಸಿದ್ದರು.

ಹೀಗೆ ಹಂಚಿಹೋದವರಲ್ಲಿ ಒಂದಷ್ಟು ಕುಟುಂಬಗಳು ನಮ್ಮ ಕರ್ನಾಟಕಕ್ಕೇ ಬಂದವು. ಸುಳ್ಯ, ಪುತ್ತೂರು ತಾಲ್ಲೂಕುಗಳ ಕಡೆಗೆ ಹೋದವರು ಸಾಲುಸಾಲು ರಬ್ಬರ್ ಮರಗಳನ್ನು ನೋಡಿರುತ್ತೀರಿ. ಮರಿಹಾಕಿ ಹಾಲು ತೆಗೆಯುವ ತಮಿಳು ಮಾತಿನ ಹೆಂಗಸರನ್ನೂ ಗಂಡಸರನ್ನೂ ಕಂಡಿರುತ್ತೀರಿ. ಅರಣ್ಯ ಅಭಿವೃದ್ಧಿ ನಿಗಮದ ಆ ತೋಟಗಳನ್ನು ಬೆಳೆಸಿದ್ದೇ ಅವರಿಗೆ ಕೆಲಸ ಕೊಡುವುದಕ್ಕಾಗಿ. ಚಹಾ ಎಲೆ ಕೀಳುತ್ತಿದ್ದ ಕೈಗಳು ರಬ್ಬರ್ ಕತ್ತಿ ಹಿಡಿದವು. ಕಂಡರಿಯದ ಊರು ಅವರಿಗೆ ತಾಯ್ನಾಡಾಯಿತು. ಬಂದ ಮೇಲೂ ಮಕ್ಕಳ ಜಾತಿ ಪ್ರಮಾಣಪತ್ರಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಯಿತು. ದೆಹಲಿಯ ಒಂದು ಸಹಿ ಸುಳ್ಯದ ಕಾಡಿನಲ್ಲಿ ಒಂದು ಮನೆಯಾದ ಕಥೆ ಇದು. ನಮ್ಮ ಶಾಲೆಯ ಇತಿಹಾಸ ಪುಸ್ತಕಗಳಲ್ಲಿ ಇದಕ್ಕೆ ಒಂದು ಪುಟವಾದರೂ ಸಿಗಬೇಕಿತ್ತು.

ದ್ವೀಪದ ಉತ್ತರ ಮತ್ತು ಪೂರ್ವ ಭಾಗದ ತಮಿಳರ ಕಥೆ ಬೇರೆ. ಅವರು ತೋಟಕ್ಕೆ ಹೋದವರಲ್ಲ, ಶತಮಾನಗಳಿಂದ ಅಲ್ಲಿಯವರೇ. ಭಾಷೆ, ಉದ್ಯೋಗ, ವಿದ್ಯಾಭ್ಯಾಸಗಳಲ್ಲಿ ತಮಗೆ ಅನ್ಯಾಯವಾಗುತ್ತಿದೆ ಎಂಬ ಅವರ ದೂರು ಮೊದಲು ಮನವಿಯಾಗಿ, ಆಮೇಲೆ ಸತ್ಯಾಗ್ರಹವಾಗಿ, ಕೊನೆಗೆ ಬಂದೂಕಾಗಿ ಬೆಳೆಯಿತು. 1983ರ ಜುಲೈ 23ರಂದು ಜಾಫ್ನಾದಲ್ಲಿ 13 ಮಂದಿ ಸೈನಿಕರು ಹೊಂಚುದಾಳಿಯಲ್ಲಿ ಸತ್ತರು. ಮರುದಿನದಿಂದ ಕೊಲಂಬೋ ಮತ್ತಿತರ ಊರುಗಳಲ್ಲಿ ತಮಿಳರ ಮನೆ, ಅಂಗಡಿ, ಪ್ರಾಣಗಳ ಮೇಲೆ ಭೀಕರ ದಾಳಿ ನಡೆಯಿತು. ಲಕ್ಷಕ್ಕೂ ಹೆಚ್ಚು ಜನ ಸಮುದ್ರ ದಾಟಿ ತಮಿಳುನಾಡಿಗೆ ಬಂದರು. ಉಗ್ರಗಾಮಿ ಗುಂಪುಗಳೂ ಮದ್ರಾಸಿನಲ್ಲಿ ನೆಲೆ ಕಂಡವು, ಭಾರತದ ಆಶ್ರಯದಲ್ಲೇ ತರಬೇತಿ ಪಡೆದವು. 1985ರಲ್ಲಿ ಭೂತಾನದ ಥಿಂಫುವಿನಲ್ಲಿ ಭಾರತ ಏರ್ಪಡಿಸಿದ ಮಾತುಕತೆ ಮುರಿದುಬಿತ್ತು.

ಈ ಹಿನ್ನೆಲೆಯಲ್ಲಿ ಬೆಂಗಳೂರಿನಲ್ಲಿ ಎದುರುಬದುರಾದ ಇಬ್ಬರನ್ನು ನೋಡಿ. ರಾಜೀವ್ ಗಾಂಧಿಯವರಿಗೆ 42 ವರ್ಷ. ವಿಮಾನ ಚಾಲಕರಾಗಿದ್ದವರು, ತಾಯಿಯ ಹತ್ಯೆಯ ದಿನ ಪ್ರಧಾನಿಯಾದವರು. ಜಯವರ್ಧನೆಯವರಿಗೆ 80. ಆಂಗ್ಲಿಕನ್ ಕ್ರೈಸ್ತ ಕುಟುಂಬದಲ್ಲಿ ಹುಟ್ಟಿ ಯೌವನದಲ್ಲಿ ಬೌದ್ಧರಾದವರು. 1951ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೋತ ಜಪಾನಿನ ಪರವಾಗಿ, ಬುದ್ಧನ ಮಾತನ್ನು ನೆನಪಿಸಿ, ಕ್ಷಮೆಗಾಗಿ ವಾದಿಸಿದ ಕೀರ್ತಿ ಅವರದು. ದೂರದ ಜಪಾನಿಗೆ ಕ್ಷಮೆ ಬೇಡಿದ ಮನುಷ್ಯನೇ 1983ರಲ್ಲಿ ತನ್ನ ನಾಡಿನ ತಮಿಳರಿಗೆ ಒಂದು ಸಾಂತ್ವನದ ಮಾತು ಹೇಳಲು ತಡಮಾಡಿದರು. ಇತಿಹಾಸದಲ್ಲಿ ಇಂಥ ವಿರೋಧಾಭಾಸಗಳು ಅಪರೂಪವಲ್ಲ. ನಮ್ಮ ಮನೆಗಳಲ್ಲೂ ಅಪರೂಪವಲ್ಲ.

ಮಾತುಕತೆಗೆ ಮೂರನೆಯವನೊಬ್ಬನ ಒಪ್ಪಿಗೆ ಬೇಕಿತ್ತು. ಸಮ್ಮೇಳನಕ್ಕೆ ಕೆಲವೇ ದಿನ ಮುಂಚೆ ತಮಿಳುನಾಡು ಪೊಲೀಸರು ಉಗ್ರಗಾಮಿಗಳ ಆಯುಧಗಳನ್ನು ವಶಪಡಿಸಿಕೊಂಡು ನಾಯಕರನ್ನು ಗೃಹಬಂಧನದಲ್ಲಿರಿಸಿದ್ದರು. ಎಲ್.ಟಿ.ಟಿ.ಇ. ನಾಯಕ ಪ್ರಭಾಕರನ್ ಮತ್ತು ಅವರ ಸಲಹೆಗಾರ ಬಾಲಸಿಂಗಂ ಅವರನ್ನು ವಾಯುಪಡೆಯ ವಿಮಾನದಲ್ಲಿ ಮದ್ರಾಸಿನಿಂದ ಬೆಂಗಳೂರಿಗೆ ಕರೆತಂದು ರಾಜಭವನದಲ್ಲಿ ಇರಿಸಲಾಯಿತು. ತಮಿಳುನಾಡಿನ ಮುಖ್ಯಮಂತ್ರಿ ಎಂ. ಜಿ. ರಾಮಚಂದ್ರನ್ ಕೂಡ ಬಂದರು. ವಿಧಾನಸೌಧದಲ್ಲಿ ಸಹಕಾರದ ಭಾಷಣಗಳು, ಕೂಗಳತೆಯ ದೂರದ ರಾಜಭವನದಲ್ಲಿ ಆ ಚೌಕಾಶಿ. ಜಯವರ್ಧನೆ ಮುಂದಿಟ್ಟ ಪ್ರಸ್ತಾವ ಹೀಗಿತ್ತು: ಪೂರ್ವ ಪ್ರಾಂತ್ಯವನ್ನು ಮೂರು ಭಾಗ ಮಾಡಿ ತಮಿಳರಿಗೆ, ಸಿಂಹಳೀಯರಿಗೆ, ಮುಸ್ಲಿಮರಿಗೆ ಒಂದೊಂದು ಘಟಕ ಕೊಡುವುದು. ಪ್ರಭಾಕರನ್ ಒಪ್ಪಲಿಲ್ಲ. ಉತ್ತರ ಮತ್ತು ಪೂರ್ವ ಪ್ರಾಂತ್ಯಗಳು ಒಂದಾಗಬೇಕು, ಅದಕ್ಕಿಂತ ಕಡಿಮೆಯದು ಬೇಡ ಎಂದರು. ಬಂದ ಹಾಗೆಯೇ ಮದ್ರಾಸಿಗೆ ಮರಳಿ, 1987ರ ಜನವರಿಯಲ್ಲಿ ಭಾರತವನ್ನೇ ಬಿಟ್ಟು ಜಾಫ್ನಾಕ್ಕೆ ಹೋದರು.

ಡಿಸೆಂಬರಿನಲ್ಲಿ ಭಾರತದ ಮಂತ್ರಿಗಳು ಕೊಲಂಬೋಗೆ ಹೋಗಿ ಇನ್ನೊಂದು ಸೂತ್ರ ಹೊಸೆದು ಬಂದರು. ಅದೂ ಫಲಿಸಲಿಲ್ಲ. (ಅದೇ ಡಿಸೆಂಬರಿನಲ್ಲಿ, ಶಾಂತಿಯ ಶೃಂಗಸಭೆ ಮುಗಿದು ಮೂರು ವಾರವಾಗುವಷ್ಟರಲ್ಲಿ, ಪತ್ರಿಕೆಯೊಂದರಲ್ಲಿ ಬಂದ ಸಣ್ಣಕಥೆಯ ನೆಪದಿಂದ ನಮ್ಮ ಬೆಂಗಳೂರಿನಲ್ಲೇ ಗಲಭೆಯಾಗಿ ಜನ ಸತ್ತರೆಂಬುದನ್ನೂ ಇಲ್ಲಿ ನೆನೆಯಬೇಕು. ನೆರೆಯ ದೇಶಕ್ಕೆ ಬುದ್ಧಿ ಹೇಳುವಾಗ ನಮ್ಮ ಕೇರಿಯ ಕಡೆಗೂ ಒಂದು ಕಣ್ಣಿರಬೇಕು.)

ಇಲ್ಲಿ ಒಂದು ಹೋಲಿಕೆ ನನ್ನ ಮನಸ್ಸಿಗೆ ಬರುತ್ತದೆ. 1978ರ ಡಿಸೆಂಬರಿನಲ್ಲಿ ಚಿಲಿ ಮತ್ತು ಅರ್ಜೆಂಟೀನಾ, ಎರಡೂ ಕಥೋಲಿಕ ರಾಷ್ಟ್ರಗಳು, ಬೀಗಲ್ ಕಾಲುವೆಯ ಮೂರು ಸಣ್ಣ ದ್ವೀಪಗಳಿಗಾಗಿ ಯುದ್ಧದ ಅಂಚಿಗೆ ಬಂದಿದ್ದವು. ಜಗದ್ಗುರು ಎರಡನೆಯ ಜಾನ್ ಪಾಲರು ಕಾರ್ಡಿನಲ್ ಅಂತೋನಿಯೊ ಸಮೋರೆ ಅವರನ್ನು ಕಳುಹಿಸಿದರು. ಆ ವೃದ್ಧ ಕಾರ್ಡಿನಲ್ ಎರಡು ದೇಶಗಳ ನಡುವೆ ಓಡಾಡಿ, ಅನಂತರ ರೋಮಿನಲ್ಲಿ ಕುಳಿತು, ಕಡತಗಳ ಮೇಲೆ ಕಡತ ಓದಿ, 1983ರಲ್ಲಿ ತೀರಿಕೊಂಡರು. ಒಪ್ಪಂದಕ್ಕೆ ಸಹಿ ಬಿದ್ದದ್ದು 1984ರ ನವೆಂಬರ್ 29ರಂದು, ವ್ಯಾಟಿಕನ್ನಿನಲ್ಲಿ. ಆರು ವರ್ಷ ಹಿಡಿಯಿತು, ಆದರೆ ನಿಂತಿತು. ಬೆಂಗಳೂರಿನಲ್ಲಿ ಇದ್ದುದು ಎರಡು ಮೂರು ದಿನ. ಮಧ್ಯಸ್ಥರಾಗಿದ್ದ ಭಾರತವೇ ಒಂದು ಕಡೆಯವರಿಗೆ ಬಂದೂಕು ಕೊಟ್ಟು, ಇನ್ನೊಂದು ಕಡೆಯವರ ಕೈ ಕುಲುಕುತ್ತಿತ್ತು. ಸಮೋರೆ ಅವರ ಕೈಯಲ್ಲಿ ಕಾಗದದ ಹೊರತು ಏನೂ ಇರಲಿಲ್ಲ, ಅದೇ ಅವರ ಬಲವಾಯಿತೆಂದು ನನಗೆ ತೋರುತ್ತದೆ.

ಲೂಕನ ಶುಭಸಂದೇಶದ ಹದಿನಾಲ್ಕನೆಯ ಅಧ್ಯಾಯದಲ್ಲಿ ಪ್ರಭು ಯೇಸು ಹೇಳುವ ಸಾಮತಿಯನ್ನು ನೀವು ಬಲ್ಲಿರಿ. ಹತ್ತು ಸಾವಿರ ಸೈನಿಕರಿರುವ ಅರಸ, ಇಪ್ಪತ್ತು ಸಾವಿರದೊಡನೆ ಬರುವವನನ್ನು ಎದುರಿಸಬಲ್ಲೆನೇ ಎಂದು ಮೊದಲು ಕುಳಿತು ಯೋಚಿಸುತ್ತಾನೆ. ಆಗದೆಂದು ಕಂಡರೆ, ವೈರಿ ದೂರದಲ್ಲಿರುವಾಗಲೇ ರಾಯಭಾರಿಗಳನ್ನು ಕಳುಹಿಸುತ್ತಾನೆ. ನಾವು ಈ ಭಾಗವನ್ನು ಶಿಷ್ಯತ್ವದ ಬೆಲೆಯ ಕುರಿತಾಗಿ ಬೋಧಿಸುತ್ತೇವೆ, ಅದು ಸರಿಯೇ. ಆದರೆ ‘ಮೊದಲು ಕುಳಿತು’, ‘ದೂರದಲ್ಲಿರುವಾಗಲೇ’ ಎಂಬ ಆ ಎರಡು ಸೂಚನೆಗಳು ರಾಜತಂತ್ರಕ್ಕೂ ಸಲ್ಲುತ್ತವೆ. 1986ರ ನವೆಂಬರಿನಲ್ಲಿ ವೈರಿ ಇನ್ನೂ ಸ್ವಲ್ಪ ದೂರದಲ್ಲಿದ್ದ. ಮುಂದಿನ ಬೇಸಿಗೆಯ ಹೊತ್ತಿಗೆ ಬಾಗಿಲಲ್ಲಿದ್ದ.

1987ರ ಮೇ ತಿಂಗಳಲ್ಲಿ ಶ್ರೀಲಂಕಾ ಸೇನೆ ಜಾಫ್ನಾದ ವಡಮರಾಚ್ಚಿಯ ಮೇಲೆ ದೊಡ್ಡ ದಾಳಿ ನಡೆಸಿತು. ಜನ ಆಹಾರ, ಔಷಧಗಳಿಲ್ಲದೆ ಕಂಗೆಟ್ಟರು. ಜೂನ್ 3ರಂದು ಭಾರತ ಕಳುಹಿಸಿದ ಪರಿಹಾರದ ದೋಣಿಗಳನ್ನು ಲಂಕೆಯ ನೌಕಾಪಡೆ ಹಿಂದಕ್ಕಟ್ಟಿತು. ಮರುದಿನ, ಜೂನ್ 4ರಂದು, ಐದು ಆಂಟನೋವ್-32 ವಿಮಾನಗಳು ಸುಮಾರು 25 ಟನ್ ಸಾಮಗ್ರಿ ಹೊತ್ತು, ಮಿರಾಜ್ ಯುದ್ಧವಿಮಾನಗಳ ಬೆಂಗಾವಲಿನಲ್ಲಿ, ಜಾಫ್ನಾದ ಮೇಲೆ ಹಾರಿ ಗಂಟುಗಳನ್ನು ಬೀಳಿಸಿದವು. ಆ ಸಾಗಣೆ ವಿಮಾನಗಳು ಹೊರಟದ್ದು ಬೆಂಗಳೂರಿನಿಂದ. ಏಳು ತಿಂಗಳ ಹಿಂದೆ ಸಹಕಾರದ ಘೋಷಣೆಗೆ ಸಹಿ ಹಾಕಿದ ನಗರದಿಂದಲೇ ಅನುಮತಿಯಿಲ್ಲದೆ ನೆರೆಯವನ ಆಕಾಶಕ್ಕೆ ನುಗ್ಗಿದ ವಿಮಾನಗಳು ಎದ್ದವು. ಅನ್ನವೇ ಹೊತ್ತು ಹೋದರೂ ಅದು ಎಚ್ಚರಿಕೆಯೇ ಆಗಿತ್ತು. ಆ ಕಾರ್ಯಾಚರಣೆಗೆ ಇಟ್ಟ ಹೆಸರು ‘ಪೂಮಾಲೈ’, ಎಂದರೆ ಹೂಮಾಲೆ.

ಜುಲೈ 29ರಂದು ಕೊಲಂಬೋದಲ್ಲಿ ರಾಜೀವ್ ಗಾಂಧಿ ಮತ್ತು ಜಯವರ್ಧನೆ ಒಪ್ಪಂದಕ್ಕೆ ಸಹಿ ಹಾಕಿದರು. ಯಾರ ಹೆಸರಿನಲ್ಲಿ ಶಾಂತಿಯಾಗಬೇಕಿತ್ತೋ ಆ ತಮಿಳರ ಸಹಿ ಅದರಲ್ಲಿ ಇರಲಿಲ್ಲ. ಸಿಂಹಳೀಯರಲ್ಲೂ ಬಹಳ ಜನ ಅದನ್ನು ದ್ವೇಷಿಸಿದರು. ಮರುದಿನ ಗೌರವ ರಕ್ಷೆ ಸ್ವೀಕರಿಸುತ್ತಿದ್ದ ರಾಜೀವ್ ಅವರ ಮೇಲೆ ಒಬ್ಬ ನೌಕಾ ಸೈನಿಕ ಬಂದೂಕಿನ ಹಿಡಿಯಿಂದ ಹೊಡೆದ. ಹೋದ ನಮ್ಮ ಶಾಂತಿಪಾಲನಾ ಪಡೆ ಅಕ್ಟೋಬರಿನ ಹೊತ್ತಿಗೆ ಎಲ್.ಟಿ.ಟಿ.ಇ.ಯೊಡನೆಯೇ ಯುದ್ಧದಲ್ಲಿ ಸಿಲುಕಿತು. 1990ರ ಮಾರ್ಚಿನಲ್ಲಿ ಕೊನೆಯ ತುಕಡಿ ಮರಳುವಷ್ಟರಲ್ಲಿ ಸುಮಾರು 1,200 ಭಾರತೀಯ ಯೋಧರು ಸತ್ತಿದ್ದರು. ಹಲಸೂರಿನಿಂದ ಶಿವಾಜಿನಗರದವರೆಗೆ ಸೈನಿಕ ಕುಟುಂಬಗಳು ತುಂಬಿದ್ದ ನಮ್ಮ ದಂಡು ಪ್ರದೇಶಕ್ಕೆ ಆ ತಂತಿಗಳು ದೂರದ ಸುದ್ದಿಯಾಗಿರಲಿಲ್ಲ.

1991ರ ಮೇ 21ರಂದು ಶ್ರೀಪೆರುಂಬುದೂರಿನಲ್ಲಿ ರಾಜೀವ್ ಗಾಂಧಿ ಹತರಾದರು. ಸಂಚಿನ ಮುಖ್ಯಸ್ಥನೆನಿಸಿದ ಶಿವರಸನ್ ಮತ್ತು ಜೊತೆಗಾರರು ಅಡಗಿಕೊಳ್ಳಲು ಬಂದದ್ದು ಬೆಂಗಳೂರಿಗೆ. ಆಗಸ್ಟ್ 20ರ ಬೆಳಿಗ್ಗೆ ಕೋಣನಕುಂಟೆಯ ಮನೆಯೊಂದರಲ್ಲಿ ಏಳು ಮಂದಿಯ ಹೆಣಗಳು ಸಿಕ್ಕವು. ಅದೇ ವರ್ಷದ ಡಿಸೆಂಬರಿನಲ್ಲಿ ಕಾವೇರಿ ಗಲಭೆ. ಈ ನಗರದಲ್ಲಿ ತಲೆಮಾರುಗಳಿಂದ ಬಾಳಿದ ತಮಿಳು ಮಾತಿನ ಕುಟುಂಬಗಳು ಆ ವರ್ಷವನ್ನು ಹೇಗೆ ಕಳೆದವೆಂದು ನಿಮ್ಮ ನೆರೆಯವರನ್ನು ಕೇಳಿ ನೋಡಿ. ನಮ್ಮ ದೇವಾಲಯಗಳಲ್ಲಿ ಪೂಜೆಯ ಭಾಷೆಗಾಗಿ ನಡೆದ ಮನಸ್ತಾಪಗಳನ್ನು ಬಲ್ಲ ಹಿರಿಯರಿಗೆ, ಭಾಷೆಯ ಗಾಯ ಎಷ್ಟು ಆಳಕ್ಕಿಳಿಯುತ್ತದೆ ಎಂದು ನಾನು ಹೇಳಬೇಕಾಗಿಲ್ಲ.

ಶ್ರೀಲಂಕೆಯ ಧರ್ಮಸಭೆಯ ಸ್ಥಿತಿ ಇನ್ನೂ ಕಠಿಣ. ಅಲ್ಲಿ ಬೌದ್ಧರು ಬಹುಪಾಲು ಸಿಂಹಳೀಯರು, ಹಿಂದೂಗಳು ಬಹುಪಾಲು ತಮಿಳರು. ಕಥೋಲಿಕರು ಮಾತ್ರ ಎರಡೂ ಕಡೆ ಇದ್ದಾರೆ. ಒಂದೇ ವಿಶ್ವಾಸದ ಮಕ್ಕಳು ಎರಡು ಸೇನೆಗಳಲ್ಲಿ, ಒಂದೇ ಧರ್ಮಾಧ್ಯಕ್ಷರ ಮಂಡಳಿಯಲ್ಲಿ ಎರಡು ನೋವುಗಳು. 1985ರ ಜನವರಿಯಲ್ಲಿ ಮನ್ನಾರ್ ಧರ್ಮಕ್ಷೇತ್ರದ ವಂಕಾಲೈಯಲ್ಲಿ ತಮಿಳು ಗುರು ಫಾದರ್ ಮೇರಿ ಬಾಸ್ಟಿಯನ್ ಕೊಲೆಯಾದರು. 1987ರ ನವೆಂಬರ್ 10ರಂದು ಬುತ್ತಲ ಬಳಿಯ ಹಳ್ಳಿಯಲ್ಲಿ, ಬೌದ್ಧ ರೈತರ ನಡುವೆ ಬಾಳಿದ ಸಿಂಹಳ ಗುರು ಫಾದರ್ ಮೈಕಲ್ ರೊಡ್ರಿಗೊ, ಬಲಿಪೂಜೆ ಅರ್ಪಿಸುತ್ತಿದ್ದಾಗಲೇ ಗುಂಡಿಗೆ ಬಲಿಯಾದರು.

ಆ ಧರ್ಮಸಭೆಗೆ ಮತ್ತೆ ಜೀವ ಕೊಟ್ಟವರು ನಮ್ಮ ಕರಾವಳಿಯಲ್ಲಿ ನಡೆದಾಡಿದ ಸಂತರೆಂಬುದನ್ನು ಮರೆಯಬಾರದು. ಗೋವೆಯ ಜೋಸೆಫ್ ವಾಜ್ 1681ರಿಂದ 1684ರವರೆಗೆ ಕೆನರಾ ಪ್ರಾಂತ್ಯದಲ್ಲಿ ಸೇವೆ ಮಾಡಿದರು. ಆಗ ಅಲ್ಲಿಯ ಕಥೋಲಿಕರು, ಗೋವೆಯ ಮಹಾಧರ್ಮಾಧ್ಯಕ್ಷರ ಅಧಿಕಾರವೋ ರೋಮಿನಿಂದ ನೇಮಕವಾದ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ಟ್ರೋ ಅವರ ಅಧಿಕಾರವೋ ಎಂದು ಎರಡು ಪಂಗಡವಾಗಿದ್ದರು. ಯುವಗುರು ವಾಜ್ ಗೋವೆಯ ಕಡೆಯಿಂದ ಬಂದವರಾದರೂ ಧರ್ಮಾಧ್ಯಕ್ಷರನ್ನು ವಿನಯದಿಂದ ಕಂಡು, ರೋಮಿನ ತೀರ್ಪು ಬರುವವರೆಗೆ ಜನರಿಗೆ ಸಂಸ್ಕಾರಗಳು ತಪ್ಪದಂತೆ ದಾರಿ ಮಾಡಿದರು. 1687ರಲ್ಲಿ ಕೂಲಿಯವನ ವೇಷದಲ್ಲಿ ಜಾಫ್ನಾ ಸೇರಿದರು. ಡಚ್ಚರ ಆಳ್ವಿಕೆಯಲ್ಲಿ ಕಥೋಲಿಕ ಗುರುಗಳಿಗೆ ಅಲ್ಲಿ ಪ್ರವೇಶವಿರಲಿಲ್ಲ. ತಮಿಳು ಕಲಿತರು, ಸಿಂಹಳ ಕಲಿತರು. ಬೇಹುಗಾರನೆಂದು ಕ್ಯಾಂಡಿಯಲ್ಲಿ ಸೆರೆಯಾದರು, ಕೊನೆಗೆ ಅದೇ ಬೌದ್ಧ ಅರಸನ ರಕ್ಷಣೆಯಲ್ಲಿ ದುಡಿದು 1711ರ ಜನವರಿ 16ರಂದು ಅಲ್ಲೇ ಕಣ್ಮುಚ್ಚಿದರು. ಜಗದ್ಗುರು ಫ್ರಾನ್ಸಿಸರು ಅವರನ್ನು ಸಂತರೆಂದು ಘೋಷಿಸಿದ್ದು 2015ರ ಜನವರಿ 14ರಂದು, ಕೊಲಂಬೋದಲ್ಲಿ.

ಅದೇ ದಿನ ಮಧ್ಯಾಹ್ನ ಜಗದ್ಗುರುಗಳು ಉತ್ತರದ ಮಡು ಮಾತೆಯ ಪುಣ್ಯಕ್ಷೇತ್ರಕ್ಕೆ ಹೋದರು. ಸಿಂಹಳೀಯರೂ ತಮಿಳರೂ ಒಟ್ಟಿಗೆ ಮೊಣಕಾಲೂರುವ ಸ್ಥಳವದು. ಡಚ್ಚರ ಹಿಂಸೆಗೆ ಹೆದರಿದ ವಿಶ್ವಾಸಿಗಳು ಮಾಂತೈಯಿಂದ ಹೊತ್ತುತಂದು ಕಾಡಿನಲ್ಲಿ ಕಾಪಾಡಿದ ಪ್ರತಿಮೆ ಅಲ್ಲಿಯದು. 1999ರ ನವೆಂಬರಿನಲ್ಲಿ ಆಶ್ರಯ ಬೇಡಿ ದೇವಾಲಯದಲ್ಲಿ ತುಂಬಿದ್ದ ನಿರಾಶ್ರಿತರ ಮೇಲೆ ಶೆಲ್ ಬಿದ್ದು ಸುಮಾರು 40 ಮಂದಿ ಸತ್ತರು. 2008ರ ಏಪ್ರಿಲಿನಲ್ಲಿ ಯುದ್ಧ ಹತ್ತಿರವಾದಾಗ ಗುರುಗಳು ಪ್ರತಿಮೆಯನ್ನು ಮತ್ತೊಮ್ಮೆ ಹೊತ್ತು ಬೇರೆಡೆ ಸಾಗಿಸಿದರು, ಆಗಸ್ಟಿನಲ್ಲಿ ಮರಳಿ ತಂದರು. 2009ರ ಮೇ ತಿಂಗಳಲ್ಲಿ ಪ್ರಭಾಕರನ್ ಸಾವಿನೊಂದಿಗೆ ಯುದ್ಧ ಮುಗಿಯಿತು. ಕೊನೆಯ ತಿಂಗಳುಗಳಲ್ಲಿ ಸಮುದ್ರತೀರದ ಇಕ್ಕಟ್ಟಿನಲ್ಲಿ ಸಿಕ್ಕು ಸತ್ತ ಸಾಮಾನ್ಯರ ಲೆಕ್ಕ ಇಂದಿಗೂ ವಿವಾದದಲ್ಲಿದೆ. 1987ರ ಒಪ್ಪಂದದಂತೆ ಒಂದಾಗಿದ್ದ ಉತ್ತರ, ಪೂರ್ವ ಪ್ರಾಂತ್ಯಗಳನ್ನು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 2006ರಲ್ಲೇ ಬೇರ್ಪಡಿಸಿತ್ತು. ಬೆಂಗಳೂರಿನಲ್ಲಿ ಯಾವುದಕ್ಕಾಗಿ ಮಾತು ಮುರಿಯಿತೋ ಅದು ಹೀಗೆ ಕಾಗದದ ಮೇಲೂ ಉಳಿಯಲಿಲ್ಲ. ಪ್ರಾಂತೀಯ ಮಂಡಳಿಗಳ ಕಾನೂನು ಮಾತ್ರ ಅಲ್ಲಿಯ ಸಂವಿಧಾನದಲ್ಲಿ ಉಳಿದಿದೆ.

ಎರಡು ದೇಶಗಳ ನಾಯಕರು ಮಾಡಿಕೊಂಡ ಮಾತುಗಳಲ್ಲಿ ಸಾಮಾನ್ಯರನ್ನು ನೆನೆದು ಬರೆದ ಸಾಲೊಂದು ನನಗೆ ಬಹಳ ಇಷ್ಟ. 1974ರಲ್ಲಿ ಕಚ್ಚತೀವು ಎಂಬ ಪುಟ್ಟ ದ್ವೀಪ ಲಂಕೆಯ ಪಾಲಾಯಿತು. ಆ ಬಗ್ಗೆ ತಮಿಳುನಾಡಿನಲ್ಲಿ ಇಂದಿಗೂ ವಾದವಿದೆ. ಕುಡಿಯುವ ನೀರಿಲ್ಲದ, ಮನೆಗಳಿಲ್ಲದ ಆ ದ್ವೀಪದಲ್ಲಿ ಸಂತ ಅಂತೋನಿಯವರ ದೇವಾಲಯ ಮಾತ್ರವಿದೆ. ಒಪ್ಪಂದದಲ್ಲಿ ಭಾರತದ ಮೀನುಗಾರರೂ ಯಾತ್ರಿಕರೂ ಪ್ರಯಾಣಪತ್ರವಾಗಲಿ ವೀಸಾ ಆಗಲಿ ಇಲ್ಲದೆ ಅಲ್ಲಿಗೆ ಹೋಗಿ ಬರಬಹುದೆಂದು ಬರೆಯಲಾಯಿತು. ಯುದ್ಧದ ವರ್ಷಗಳಲ್ಲಿ ನಿಂತಿದ್ದ ಹಬ್ಬ ಮತ್ತೆ ನಡೆಯುತ್ತಿದೆ. 2016ರಲ್ಲಿ ಹೊಸ ದೇವಾಲಯವೂ ಎದ್ದಿತು. ತಪಸ್ಸುಕಾಲದಲ್ಲಿ ರಾಮೇಶ್ವರದ ದೋಣಿಗಳು ಒಂದು ಕಡೆಯಿಂದ, ಜಾಫ್ನಾದ ದೋಣಿಗಳು ಇನ್ನೊಂದು ಕಡೆಯಿಂದ ಬಂದು ಲಂಗರು ಹಾಕುತ್ತವೆ. ಮರಳಿನ ಮೇಲೆ ಶಿಲುಬೆಯ ಹಾದಿ ನಡೆಯುತ್ತದೆ, ರಾತ್ರಿ ಸಂತರ ತೇರು ಹೊರಡುತ್ತದೆ. ಬೆಳಗಿನ ಬಲಿಪೂಜೆ ಮುಗಿದ ಮೇಲೆ ಎರಡೂ ಕಡೆಯವರು ಅಕ್ಕಪಕ್ಕದಲ್ಲಿ ಕುಳಿತು ತಂದ ಬುತ್ತಿ ಬಿಚ್ಚುತ್ತಾರೆ.